ಗುರಾಣಿಯ ಮೇಲಿನ ಕಲೆ

‘ಬ್ಲಾಟ್ ಆನ್ ದಿ ಎಸ್ಕಚನ್’ ಎಂಬ ನುಡಿಗಟ್ಟು ಇಂಗ್ಲಿಷ್ ಬರಹಗಳಲ್ಲಿ ಆಗಾಗ ಕಾಣಿಸುತ್ತದೆ. ಬ್ಲಾಟ್ ಎಂದರೆ ಶಾಯಿ ಚೆಲ್ಲಿ ಆಗುವ ಕಲೆ. ಬ್ಲಾಟಿಂಗ್ ಪೇಪರ್ ಬಳಸಿದವರಿಗೆಲ್ಲ ಇದು ಗೊತ್ತು. ತೊಡಕಿರುವುದು ಎಸ್ಕಚನ್‌ನಲ್ಲಿ. ಲ್ಯಾಟಿನ್ನಿನಲ್ಲಿ ‘ಸ್ಕೂಟಂ’ ಎಂದರೆ ಗುರಾಣಿ. ಅದು ಫ್ರೆಂಚಿನ ಮೂಲಕ ಹಾದುಬಂದು ಎಸ್ಕಚನ್ ಆಯಿತು. ಮಧ್ಯಯುಗದ ಯುರೋಪಿನ ಯೋಧ ಅಡಿಯಿಂದ ಮುಡಿಯವರೆಗೆ ಕಬ್ಬಿಣ ತೊಟ್ಟಿರುತ್ತಿದ್ದ, ಮುಖವೂ ಕಾಣುತ್ತಿರಲಿಲ್ಲ. ಅವನು ಯಾರ ಮನೆಯವನೆಂದು ತಿಳಿಸುತ್ತಿದ್ದುದು ಗುರಾಣಿಯ ಮೇಲೆ ಬರೆದ ಸಿಂಹ, ಹದ್ದು, ಪಟ್ಟೆಗಳು. ಆ ಲಾಂಛನ ತಂದೆಯಿಂದ ಮಗನಿಗೆ ಬರುವ ಆಸ್ತಿ. ಆದ್ದರಿಂದ ಅದರ ಮೇಲೆ ಕಲೆ ಬಿದ್ದರೆ ಅದು ಒಬ್ಬನದಲ್ಲ, ಇಡೀ ವಂಶದ್ದು.

ಇಂಥ ಕಲೆಗಳಿಗೂ ನಿಯಮಾವಳಿ ಇತ್ತು! 1610ರಲ್ಲಿ ಜಾನ್ ಗಿಲಿಂ ಪ್ರಕಟಿಸಿದ ಲಾಂಛನಶಾಸ್ತ್ರದ ಪುಸ್ತಕದಲ್ಲಿ ಹೇಡಿಗೊಂದು ಗುರುತು, ಜಂಬ ಕೊಚ್ಚಿದವನಿಗೊಂದು ಗುರುತು ಎಂದು ವಿವರವಿದೆ. ದ್ರೋಹಿಯಾದರೆ ಗುರಾಣಿಯೇ ತಲೆಕೆಳಗು. ಆದರೆ ಇವನ್ನು ನಿಜವಾಗಿ ಬರೆಸಿಕೊಂಡವರು ಸಿಕ್ಕುವುದೇ ಅಪರೂಪ. ಅವಮಾನವನ್ನು ಹೊತ್ತು ತಿರುಗುವುದಕ್ಕಿಂತ ಗುರಾಣಿಯನ್ನೇ ಅಟ್ಟಕ್ಕೆ ಎಸೆಯುವುದು ಸುಲಭವಲ್ಲವೇ?

ಕನ್ನಡದಲ್ಲಿ ‘ಕುಲಕ್ಕೆ ಕಳಂಕ’ ಎನ್ನುತ್ತಾರೆ. ಕಳಂಕವೆಂದೊಡನೆ ನೆನಪಾಗುವುದು ಚಂದ್ರ. ಅಲ್ಲಿ ಕಾಣುವ ‘ಮೊಲ’ ಹಿಂದೆಂದೋ ಹರಿದು ಹೆಪ್ಪುಗಟ್ಟಿದ ಲಾವಾದ ಬಯಲು. ಅದನ್ನು ತೊಳೆಯಲು ಯಾರಿಗೂ ಆಗದು. ಮನುಷ್ಯರ ಕಳಂಕದ ಮಾತು ಬೇರೆ. ಅದಕ್ಕೆ ಕೋಲಾರ ತಾಲ್ಲೂಕಿನಲ್ಲೇ ಸಾಕ್ಷಿ ಸಿಕ್ಕಿದೆ.

ಮಾರ್ಕಂಡೇಶ್ವರನ ಬೆಟ್ಟದಿಂದ ಹೆಸರಾದ ವಕ್ಕಲೇರಿಯಲ್ಲಿ ಬಾದಾಮಿ ಚಾಲುಕ್ಯ 2ನೇ ಕೀರ್ತಿವರ್ಮನ ತಾಮ್ರಶಾಸನ ದೊರೆಯಿತು. ಭಾಷೆ ಸಂಸ್ಕೃತ, ಕಾಲ ಶಕ 679, ಅಂದರೆ ಕ್ರಿ.ಶ. 757. ದಾನ ಕೊಟ್ಟ ಊರಿರುವುದು ಮಾತ್ರ ದೂರದ ಹಾನಗಲ್ಲಿನ ಕಡೆ. ಊರು ಎಲ್ಲಿಯೋ, ಪತ್ರ ಎಲ್ಲಿಯೋ! ದಾನದ ವಿವರಕ್ಕಿಂತ ಸ್ವಾರಸ್ಯವಾದದ್ದು ಅದಕ್ಕೆ ಮುಂಚಿನ ವಂಶವರ್ಣನೆ.

ಕೀರ್ತಿವರ್ಮನ ತಂದೆ 2ನೇ ವಿಕ್ರಮಾದಿತ್ಯ ಪಟ್ಟವೇರಿದ ಕೂಡಲೇ ಪಲ್ಲವರನ್ನು ಬೇರುಸಹಿತ ಕೀಳಲು ನಿಶ್ಚಯಿಸಿದನಂತೆ. ಕಾರಣ, ಅವರು ತನ್ನ ಕುಲದ ಹಿಂದಿನ ಅರಸರ ಕಾಂತಿಯನ್ನು ಕದ್ದವರು. ಸೋತದ್ದನ್ನು ಶಾಸನದಲ್ಲಿ ಮುಚ್ಚಿಡುವುದು ರಾಜರ ವಾಡಿಕೆ. ಇಲ್ಲಿ ಅದನ್ನು ಒಪ್ಪಿಕೊಂಡೇ ಕಥೆ ಮುಂದುವರಿಯುತ್ತದೆ. ಕದ್ದ ಘಟನೆ ಯಾವುದೆಂದು ಹುಡುಕಿದರೆ ಸಿಗುವುದು ಕ್ರಿ.ಶ. 642ರ ಸುಮಾರು. ಆಗ ಪಲ್ಲವ ನರಸಿಂಹವರ್ಮ ಬಾದಾಮಿಯನ್ನು ಹಿಡಿದು ‘ವಾತಾಪಿಕೊಂಡ’ ಎಂಬ ಬಿರುದು ಧರಿಸಿದ. ರಾಜಧಾನಿ 655ರ ಸುಮಾರಿಗೆ ಮತ್ತೆ ಚಾಲುಕ್ಯರಿಗೆ ದಕ್ಕಿತು. ಆದರೂ ನೂರು ವರ್ಷ ಕಳೆದ ಮೇಲೆ ಮರಿಮಗನ ಪೀಳಿಗೆಗೂ ಆ ಗಾಯ ಮಾದಿರಲಿಲ್ಲ.

ಹಾಗಾದರೆ ವಿಕ್ರಮಾದಿತ್ಯ ಕಂಚಿಯನ್ನು ಸುಟ್ಟನೇ? ಇಲ್ಲ. ನಂದಿಪೋತವರ್ಮನನ್ನು ಸೋಲಿಸಿದ. ಅವನ ಕಟುಮುಖವಾದಿತ್ರ, ಸಮುದ್ರಘೋಷ ಎಂಬ ವಾದ್ಯಗಳನ್ನೂ ಖಟ್ವಾಂಗ ಧ್ವಜವನ್ನೂ ಆನೆಗಳನ್ನೂ ವಶಪಡಿಸಿಕೊಂಡ. ಕಂಚಿಯನ್ನು ಹಾಳುಗೆಡವದೆ ಒಳಹೊಕ್ಕು, ದೀನರಿಗೂ ಬ್ರಾಹ್ಮಣರಿಗೂ ದಾನ ಮಾಡಿ, ರಾಜಸಿಂಹೇಶ್ವರ ದೇಗುಲದ ರಾಶಿ ಹೊನ್ನನ್ನು ದೇವರಿಗೇ ಒಪ್ಪಿಸಿದ ಎನ್ನುತ್ತದೆ ಶಾಸನ. ಮಗ ಬರೆಸಿದ ತಂದೆಯ ಹೊಗಳಿಕೆಯನ್ನು ಪೂರ್ತಿ ನಂಬಬೇಕೇ ಎಂಬ ಸಂಶಯ ಸಹಜ. ಆದರೆ ಇನ್ನೊಂದು ಸಾಕ್ಷಿ ಎದುರಾಳಿಯ ಮನೆಯಲ್ಲೇ ಇದೆ. ರಾಜಸಿಂಹೇಶ್ವರವೇ ಇಂದಿನ ಕಂಚಿಯ ಕೈಲಾಸನಾಥ ದೇವಾಲಯ. ಅಲ್ಲಿನ ಕಂಬವೊಂದರಲ್ಲಿ ವಿಕ್ರಮಾದಿತ್ಯನ ಕನ್ನಡ ಶಾಸನವಿದೆ.

ಕಿಲುಬು ಹಿಡಿದ ತಾಮ್ರವನ್ನು ಹುಣಸೆಹುಳಿಯಿಂದ ಬೆಳಗಬಹುದು. ಅದರಲ್ಲಿರುವ ಟಾರ್ಟಾರಿಕ್ ಆಮ್ಲ ಕಿಲುಬನ್ನು ಕರಗಿಸುತ್ತದೆ. ವಿಕ್ರಮಾದಿತ್ಯ ವಂಶವನ್ನು ಬೆಳಗಿದ್ದು ಹೆಚ್ಚು ದಿನ ಉಳಿಯಲಿಲ್ಲ. ಈ ತಗಡುಗಳನ್ನು ಕೊರೆಸುವ ವೇಳೆಗೆ ರಾಷ್ಟ್ರಕೂಟ ದಂತಿದುರ್ಗ ಕೀರ್ತಿವರ್ಮನ ರಾಜ್ಯದ ಬಹುಭಾಗವನ್ನು ಕಿತ್ತುಕೊಂಡಾಗಿತ್ತು. ಬಾದಾಮಿ ಚಾಲುಕ್ಯರಲ್ಲಿ ಕೊನೆಯ ಅರಸ ಅವನೇ.

ನರಸಿಂಹವರ್ಮ ಬಾದಾಮಿಯ ಬಂಡೆಯ ಮೇಲೆ ಕೆತ್ತಿಸಿದ ಶಾಸನ ಸವೆದಿದ್ದರೂ ಇಂದಿಗೂ ಅಲ್ಲಿದೆ. ಊರನ್ನು ಮರಳಿ ಪಡೆದ ಚಾಲುಕ್ಯರು ಶತಮಾನ ಕಾಲ ಅದೇ ಬಂಡೆಯ ಮುಂದೆ ಓಡಾಡಿದರೂ ಅದನ್ನು ಒಡೆದು ಹಾಕಿಸಲಿಲ್ಲ.