ಕಣ್ಣಿಗೆ ಪೆಟ್ಟು ಬಿದ್ದರೆ ಮುಚ್ಚಿಡಬೇಡಿ

ಆಟದ ಬಯಲಿನಲ್ಲಿ ಹುಡುಗನೊಬ್ಬನ ಕಣ್ಣಿಗೆ ಚೆಂಡು ಬಡಿಯಿತೆಂದರೆ ನಾವು ಮಾಡುವುದೇನು? ತಣ್ಣೀರಿನ ಬಟ್ಟೆ ಇಡುತ್ತೇವೆ. ಕೆಂಪು ಇಳಿದರೆ ಸಾಕು, ತರಗತಿಗೆ ಕಳುಹಿಸುತ್ತೇವೆ. ಮನೆಯಲ್ಲಿ ಅಜ್ಜಿ ನಂದಿಬಟ್ಟಲ ಹೂವಿನ ರಸ ಹಿಂಡುತ್ತಾರೆ. ಮೂರನೆಯ ದಿನಕ್ಕೆ ಎಲ್ಲರಿಗೂ ಮರೆತಿರುತ್ತದೆ.

ನಾನೂ ಹಾಗೆಯೇ ಮಾಡಿದವನು. ಕೆಲವು ವರ್ಷಗಳ ಹಿಂದೆ ಕುಟ್ಟಿದೊಣ್ಣೆ ಆಡುವಾಗ ಕಣ್ಣಿಗೆ ಕುಟ್ಟಿ ತಾಗಿದ ಎಂಟನೆಯ ತರಗತಿಯ ಹುಡುಗನನ್ನು "ಏನೂ ಆಗಿಲ್ಲ, ಹೋಗು" ಎಂದು ಬೆನ್ನು ತಟ್ಟಿ ಕಳುಹಿಸಿದೆ. ಎರಡು ತಿಂಗಳ ಬಳಿಕ, ಕರಿಹಲಗೆ ನೋಡಲು ತಲೆ ಓರೆ ಮಾಡುತ್ತಾನೆಂದು ಅವನನ್ನೇ ಗದರಿದೆ. ಆಗ ಸಂಗತಿ ಹೊರಬಿತ್ತು. ಆ ಕಣ್ಣಿನ ಒಂದು ಬದಿಗೆ ಕರಿಯ ಪರದೆ ಇಳಿದಂತೆ ಕಾಣುತ್ತಿತ್ತಂತೆ. ಅಪ್ಪ ಬೈದಾರೆಂದು ಹೇಳಿರಲಿಲ್ಲ. ಮಂಗಳೂರಿನಲ್ಲಿ ಶಸ್ತ್ರಚಿಕಿತ್ಸೆಯಾಯಿತು, ದೃಷ್ಟಿ ಪೂರ್ತಿ ಮರಳಲಿಲ್ಲ.

ಕಣ್ಣಿನ ಒಳಗೋಡೆಗೆ ಅಂಟಿಕೊಂಡ ತೆಳು ಪೊರೆಯೇ ಅಕ್ಷಿಪಟಲ, ಅಂದರೆ ರೆಟಿನಾ. ಪೆಟ್ಟು ಬಿದ್ದ ಕ್ಷಣ ಕಣ್ಣುಗುಡ್ಡೆ ಚಪ್ಪಟೆಯಾಗಿ ಬದಿಗೆ ಉಬ್ಬುತ್ತದೆ; ಆ ಎಳೆತಕ್ಕೆ ಪೊರೆಯ ಅಂಚು ಹರಿಯಬಹುದು. ಆದರೆ ಅಕ್ಷಿಪಟಲಕ್ಕೆ ನೋವೆಂಬುದು ತಿಳಿಯದು. ಎಳೆಯರ ಕಣ್ಣಿನೊಳಗಿನ ಲೋಳೆರಸ ಗಟ್ಟಿಯಾದ್ದರಿಂದ ಹರಿದ ಪೊರೆ ಒಮ್ಮೆಲೇ ಕಳಚದೆ, ಮಳೆಗಾಲದಲ್ಲಿ ಗೋಡೆಯ ಸುಣ್ಣ ಹಕ್ಕಳೆ ಏಳುವಂತೆ, ವಾರ ತಿಂಗಳುಗಳಲ್ಲಿ ಮೆಲ್ಲಗೆ ಬಿಡುತ್ತದೆ. ಮಿಂಚು ಹೊಳೆದಂತಾಗುವುದು, ಕರಿಯ ಚುಕ್ಕೆಗಳು ತೇಲುವುದು, ಬದಿಯಿಂದ ನೆರಳು ಕವಿಯುವುದು ಇದರ ಸೂಚನೆಗಳು. ಇನ್ನೊಂದು ಕಣ್ಣು ಚೆನ್ನಾಗಿದ್ದರೆ ಮಕ್ಕಳಿಗೆ ಇದೂ ಗಮನಕ್ಕೆ ಬಾರದು.

ಗೋಡೆಯ ಮೇಲಿನ ಅಕ್ಷರ ಓದಿಸಿದರೆ ಸಾಲದು. ಹನಿಮದ್ದು ಹಾಕಿ ಪಾಪೆಯನ್ನು ಹಿಗ್ಗಿಸಿ, ವೈದ್ಯರು ತಲೆಗೆ ಕಟ್ಟಿಕೊಂಡ ದೀಪದಿಂದ ಅಕ್ಷಿಪಟಲವನ್ನು ಅಂಚಿನವರೆಗೂ ನೋಡಬೇಕು. ಒಳಗೆ ರಕ್ತ ತುಂಬಿ ಏನೂ ಕಾಣದಿದ್ದರೆ ಅಲ್ಟ್ರಾಸೌಂಡ್ ಸ್ಕ್ಯಾನ್ ಇದೆ. ಬರೀ ಬಾವು ಬಂದು ಬೆಳ್ಳಗಾಗಿದ್ದರೆ ಹೆಚ್ಚಾಗಿ ತಾನೇ ಇಳಿಯುತ್ತದೆ. ಹರಿದಿದ್ದರೆ ಸುತ್ತಲೂ ಲೇಸರ್ ಕಿರಣದಿಂದಲೋ ಅತಿಶೀತದಿಂದಲೋ ಬೆಸೆಯುತ್ತಾರೆ. ಪೊರೆ ಕಳಚಿದ ಮೇಲೆ ದೊಡ್ಡ ಶಸ್ತ್ರಚಿಕಿತ್ಸೆಯೇ ಬೇಕು. ಒಂದು ಕಾಲದಲ್ಲಿ ಅಕ್ಷಿಪಟಲ ಕಳಚಿತೆಂದರೆ ಕುರುಡೇ ಗತಿ ಎನ್ನುವಂತಿತ್ತು. ಹರಿದ ಜಾಗವನ್ನು ಮುಚ್ಚಿದರೆ ಕಣ್ಣು ಉಳಿಯುತ್ತದೆಂದು 1920ರ ದಶಕದಲ್ಲಿ ತೋರಿಸಿಕೊಟ್ಟವರು ಸ್ವಿಟ್ಜರ್‌ಲೆಂಡಿನ ವೈದ್ಯ ಜೂಲ್ ಗೋನಿನ್.

ಗುಡ್ಡೆಯೇ ಸೀಳಿದ್ದರೆ, ಇಲ್ಲವೇ ಮುರಕಲ್ಲು ಕೆತ್ತುವಾಗ ಕಬ್ಬಿಣದ ಚೂರು ಹೊಕ್ಕಿದ್ದರೆ ತೊಳೆಯಬಾರದು, ಒತ್ತಬಾರದು, ಕೀಳಬಾರದು, ಯಾವ ರಸವನ್ನೂ ಹಾಕಬಾರದು. ಕಣ್ಣಿಗೆ ತಾಗದಂತೆ ಕಾಗದದ ಲೋಟ ಕವಿಚಿ ಕಟ್ಟಿ, ಕೂಡಲೇ ಹೊರಡಬೇಕು.

ನುರಿತ ಆಟಗಾರರಿಗೂ ಇದು ತಪ್ಪಿದ್ದಲ್ಲ. ನಮ್ಮ ಕುಂಬಳೆಯ ಹೆಸರು ಹೊತ್ತ ಅನಿಲ್ ಕುಂಬ್ಳೆಯವರ ಎಸೆತವೇ 2000ದಲ್ಲಿ ಢಾಕಾದಲ್ಲಿ ವಿಕೆಟ್ ಹಿಂದಿದ್ದ ಸಬಾ ಕರೀಂ ಅವರ ಬಲಗಣ್ಣಿಗೆ ಬಡಿಯಿತು. ಅವರ ಆಟದ ಬದುಕೇ ಮೊಟಕಾಯಿತು. ಆದರೆ ಅವರ ಪೆಟ್ಟನ್ನು ಮೈದಾನವೆಲ್ಲ ಕಂಡಿತ್ತು. ನಮ್ಮ ಮಕ್ಕಳದ್ದು ಯಾರಿಗೂ ಕಾಣುವುದಿಲ್ಲ.

ಮಂಗಳೂರಿಗೆ ಹೋಗಿಬಂದರೆ ಒಂದು ದಿನದ ಕೂಲಿ ಹೋಗುತ್ತದೆ, ಬಸ್ಸಿನ ಖರ್ಚು ಬೇರೆ ಎನ್ನುವ ಪೋಷಕರ ಮಾತು ಸುಳ್ಳಲ್ಲ. ಹಾಗೆಂದು ಕಾಯುವಂತಿಲ್ಲ. ಬೈಯುವುದಿದ್ದರೆ ಆಸ್ಪತ್ರೆಯಿಂದ ಬಂದ ಮೇಲೆ ಬೈಯಿರಿ. ಮೊದಲ ಸಲ ಏನೂ ಕಾಣದಿದ್ದರೂ ವೈದ್ಯರು ಹೇಳಿದ ದಿನ ಮತ್ತೆ ತೋರಿಸಿರಿ. ಆಟದ ಸಾಮಾನಿನ ಪೆಟ್ಟಿಗೆಯಲ್ಲಿ ನಾನೀಗ ಒಂದು ಚೀಟಿ ಪುಸ್ತಕ ಇಟ್ಟಿದ್ದೇನೆ. ಯಾರ ಕಣ್ಣಿಗೆ ಏನೇ ತಾಗಲಿ, ಅಂದೇ ಮನೆಗೆ ಒಂದು ಚೀಟಿ ಬರುತ್ತದೆ. ಮರುದಿನ ಅದರಲ್ಲಿ ಕಣ್ಣಿನ ವೈದ್ಯರ ಸಹಿ ಇಲ್ಲದಿದ್ದರೆ ಸಂಜೆ ನಾನೇ ನಿಮ್ಮ ಮನೆಗೆ ಬರುತ್ತೇನೆ.