ನೌಕಾ ಫಿರಂಗಿಯ ಕಾಲ ಮುಗಿಯಿತೇ?

1944ರ ಜೂನ್ 6ರಂದು ನಾರ್ಮಂಡಿಯ ಒಮಾಹಾ ತೀರದತ್ತ ಮಿತ್ರಪಕ್ಷದ ನೌಕೆಗಳು ಸಹಸ್ರಾರು ರಾಕೆಟ್ಟುಗಳನ್ನು ಹಾರಿಸಿದವು. ಅನೇಕವು ದಡ ಮುಟ್ಟದೆ ನೀರಿಗೆ ಬಿದ್ದವು. ಜರ್ಮನರ ಕಾಂಕ್ರೀಟ್ ನೆಲೆಗಳು ಬಹುಮಟ್ಟಿಗೆ ಉಳಿದುಕೊಂಡವು. ದಡಕ್ಕಿಳಿದ ಸೈನಿಕರು ಅದಕ್ಕೆ ಪ್ರಾಣವನ್ನೇ ತೆತ್ತರು. ಕೊನೆಗೆ ವಿಧ್ವಂಸಕ ನೌಕೆಗಳು ದಡದ ಸಮೀಪಕ್ಕೆ ಬಂದು, 5 ಅಂಗುಲದ ಫಿರಂಗಿಗಳಿಂದ ಒಂದೊಂದೇ ನೆಲೆಯನ್ನು ಗುರಿಯಿಟ್ಟು ಹೊಡೆದವು.

ಕಾರಣ ಸ್ಪಷ್ಟ. ಮಾರ್ಗದರ್ಶನವಿಲ್ಲದ ರಾಕೆಟ್ಟುಗಳು ಚದುರಿ ಬೀಳುತ್ತವೆ. ಫಿರಂಗಿಯಲ್ಲಾದರೋ ಗುಂಡು ಬಿದ್ದೆಡೆಯನ್ನು ನೋಡಿ ಮುಂದಿನ ಗುರಿಯನ್ನು ತಿದ್ದಿಕೊಳ್ಳಬಹುದು.

ಇಂದು ದಡದ ಕ್ಷಿಪಣಿಗಳಿಗೆ ಅಂಜಿ ಹಡಗುಗಳು ದೂರ ನಿಲ್ಲಬೇಕಾಗಿದೆ, ನಿಜ. ಆದರೆ ದೂರ ಸಾಗುವ ಮಾರ್ಗದರ್ಶಿತ ಗುಂಡು ಬಲು ದುಬಾರಿ. ಅಮೆರಿಕದ ಜುಮ್ವಾಲ್ಟ್ ನೌಕೆಗೆಂದು ರೂಪಿಸಿದ ಅಂತಹ ಗುಂಡೊಂದಕ್ಕೆ ಸುಮಾರು 8 ಲಕ್ಷ ಡಾಲರು ತಗಲುವುದೆಂದು 2016ರಲ್ಲಿ ಅದರ ಖರೀದಿಯನ್ನೇ ಕೈಬಿಡಲಾಯಿತು.

ದೂರದ ಗುರಿಗೆ ಕ್ಷಿಪಣಿಯಿರಲಿ. ದಡದಲ್ಲಿ ಸಿಲುಕಿದ ಸೈನಿಕನಿಗೆ ಗಂಟೆಗಟ್ಟಲೆ ನೆರವಾಗಬಲ್ಲ ಅಗ್ಗದ ಫಿರಂಗಿಯನ್ನು ತೊರೆಯಲಾಗದೆಂಬುದೇ ನಮ್ಮ ಅಭಿಪ್ರಾಯ.