ವಿದ್ಯಾರ್ಥಿಗಳ ಬರಹಕ್ಕೊಬ್ಬ ಸಂಪಾದಕ ಬೇಕು

ಮಾನ್ಯ ಕುಲಪತಿಗಳಿಗೆ,
ಕುವೆಂಪು ವಿಶ್ವವಿದ್ಯಾಲಯ, ಶಂಕರಘಟ್ಟ



ಚಿಕ್ಕಮಗಳೂರು, ಮೂಡಿಗೆರೆ, ಕಳಸದ ಕಡೆಯ ವಿದ್ಯಾರ್ಥಿಗಳು ಬರೆಯುವ ಕತೆ, ಕವಿತೆ, ಪ್ರಬಂಧಗಳನ್ನು ಆರಿಸಿ, ತಿದ್ದಿಸಿ, ಪ್ರಸಾರಾಂಗದಿಂದ ಪ್ರತಿ ವರ್ಷ ಒಂದು ಸಂಕಲನ ತರಬೇಕೆಂದು ಕೇಳಿಕೊಳ್ಳಲು ಈ ಪತ್ರ. ಕಾಲೇಜುಗಳ ವಾರ್ಷಿಕ ಸಂಚಿಕೆ ಇದೆಯಲ್ಲ ಎನ್ನಬಹುದು. ಸಾಮಾನ್ಯವಾಗಿ ಅದರಲ್ಲಿ ಮೊದಲು ಗಣ್ಯರ ಸಂದೇಶ, ಆಮೇಲೆ ಸಮಿತಿಗಳ ಗ್ರೂಪ್ ಫೋಟೊ, ಎನ್‌ಎಸ್‌ಎಸ್ ಶಿಬಿರದ ವರದಿ. ಕವಿತೆಗೆ ಉಳಿದ ಜಾಗ. ಕತೆ ಕೊಟ್ಟ ಹುಡುಗಿಯನ್ನು ಕೂರಿಸಿಕೊಂಡು, ಇದು ಮೂರನೆಯ ಪ್ಯಾರಾದಿಂದ ಶುರುವಾಗಬೇಕಿತ್ತು ಎಂದು ಹೇಳುವವರು ಅಪರೂಪ. ಹೆಸರು ಅಚ್ಚಿನಲ್ಲಿ ಬಂದ ಖುಷಿ ಅವಳಿಗೆ ಸಿಗುತ್ತದೆ, ಬರವಣಿಗೆ ಇದ್ದಲ್ಲೇ ಇರುತ್ತದೆ.

ಬರೆಯುವವರಿಗೆ ನೇರವಾಗಿ ಹೇಳುವ ಒಬ್ಬ ಓದುಗ ಬೇಕೆನ್ನುವುದಕ್ಕೆ, ತಮ್ಮ ವಿಶ್ವವಿದ್ಯಾಲಯ ಯಾರ ಹೆಸರು ಹೊತ್ತಿದೆಯೋ ಅವರ ಬದುಕೇ ಸಾಕ್ಷಿ. ಚಿಕ್ಕಮಗಳೂರು ಜಿಲ್ಲೆಯ ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ ಹುಟ್ಟಿದ ಕುವೆಂಪು, ಮೈಸೂರಿನಲ್ಲಿ ಓದುತ್ತಿದ್ದಾಗಲೇ, 1922ರಲ್ಲಿ, ಇಂಗ್ಲಿಷ್ ಕವಿತೆಗಳ ಪುಸ್ತಕ ಪ್ರಕಟಿಸಿದ್ದರು. ಅವರ ದಾರಿ ಬದಲಾದದ್ದು ಆ ಪುಸ್ತಕದಿಂದಲ್ಲ. ಅವರ ಕವಿತೆಗಳನ್ನು ಓದಿದ ಜೇಮ್ಸ್ ಕಸಿನ್ಸ್ ಎಂಬ ಐರಿಷ್ ಕವಿ ನಿಮ್ಮ ಭಾಷೆಯಲ್ಲಿ ಬರೆಯಿರಿ ಎಂದು ನೇರವಾಗಿ ಹೇಳಿದ್ದರಿಂದ. ಕನ್ನಡದ ಮೇಷ್ಟ್ರುಗಳೂ ಈ ಕೆಲಸ ಮಾಡಿದ್ದಾರೆ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಕರ್ನಾಟಕ ಸಂಘದಲ್ಲಿ ಎ.ಆರ್. ಕೃಷ್ಣಶಾಸ್ತ್ರಿಗಳು ಕಟ್ಟಿದ ‘ಪ್ರಬುದ್ಧ ಕರ್ನಾಟಕ’ ಮುಂದೆ ಮೈಸೂರು ವಿಶ್ವವಿದ್ಯಾಲಯದ ಪತ್ರಿಕೆಯಾಯಿತು. ಕ್ರೈಸ್ಟ್ ಕಾಲೇಜಿನ ಕನ್ನಡ ಸಂಘದಲ್ಲಿ ಚಿ. ಶ್ರೀನಿವಾಸರಾಜು ವಿದ್ಯಾರ್ಥಿಗಳಿಗೆ ಬೇಂದ್ರೆ ಹೆಸರಿನ ಕವನ ಸ್ಪರ್ಧೆ ನಡೆಸಿ, ಆಯ್ದ ಕವಿತೆಗಳನ್ನು ಪುಸ್ತಕ ಮಾಡಿದರು. ಎರಡೂ ಕಡೆ ಇದ್ದದ್ದು ದೊಡ್ಡ ಅನುದಾನವಲ್ಲ, ಬಂದ ಬರಹವನ್ನು ಗಂಭೀರವಾಗಿ ಓದುವ ಒಬ್ಬ ಅಧ್ಯಾಪಕ.

ನಮ್ಮ ಕಾಫಿ ಗುಡ್ಡಗಳಲ್ಲಿ ಅಂಥವರ ಅಗತ್ಯ ಇನ್ನೂ ಹೆಚ್ಚು. ಬಾಬಾಬುಡನ್ ತಂದರೆನ್ನುವ ಏಳು ಕಾಫಿ ಬೀಜದ ಕತೆ ಎಲ್ಲರಿಗೂ ಗೊತ್ತು. ಮೂಡಿಗೆರೆಯಲ್ಲಿ ನೆಲೆಸಿ ಪೂರ್ಣಚಂದ್ರ ತೇಜಸ್ವಿ ಬರೆದದ್ದನ್ನು ನಾಡೇ ಓದಿದೆ. ಆದರೆ ಮರಗಸಿಗೆ, ಅಂದರೆ ನೆರಳಿನ ಮರಗಳ ಕೊಂಬೆ ಕಡಿಯಲು, ಹತ್ತಿದವನ, ಹಣ್ಣು ಕೊಯ್ದು ಸಂಜೆ ತೂಕದ ಮುಂದೆ ಚೀಲ ಇಟ್ಟು ತೋಟದ ಲೆಕ್ಕ ಬರೆಯುವ ರೈಟರ್ ಏನು ಬರೆದುಕೊಳ್ಳುತ್ತಾನೆಂದು ನೋಡುತ್ತ ನಿಂತವಳ ಕಣ್ಣಿನಿಂದ ತೋಟ ಹೇಗೆ ಕಾಣುತ್ತದೆಂಬುದು ಸಾಹಿತ್ಯದಲ್ಲಿ ಬಂದಿರುವುದು ಕಡಿಮೆ. ತೋಟದ ಕೆಲಸಗಾರರ ಲೈನ್ ಮನೆಗಳ ಮಕ್ಕಳು ಈಗ ಪದವಿ ತರಗತಿಯಲ್ಲಿದ್ದಾರೆ. ಮನೆಯಲ್ಲಿ ತುಳುವೋ ತಮಿಳೋ ಬ್ಯಾರಿಯೋ ಆಡಿ, ಕಾಲೇಜಿನಲ್ಲಿ ಕನ್ನಡ ಬರೆಯುವ ಇವರ ವಾಕ್ಯಗಳಲ್ಲಿ ಹೊಸ ಲಯವಿರಬಹುದು. ಅದನ್ನು ತಪ್ಪೆಂದು ಅಳಿಸದೆ, ನಿಜವಾದ ತಪ್ಪನ್ನಷ್ಟೇ ತಿದ್ದಲು ಪಳಗಿದ ಕೈ ಬೇಕು.

ವಿದ್ಯಾರ್ಥಿಗಳ ಬರಹ ಎಳಸು, ವಿಶ್ವವಿದ್ಯಾಲಯದ ಮುದ್ರೆಗೆ ತಕ್ಕದ್ದಲ್ಲ ಎಂಬ ಆಕ್ಷೇಪವಿದೆ. ಎಳಸೇ ಹೌದು, ಅದಕ್ಕೇ ಸಂಪಾದಕ ಬೇಕೆನ್ನುವುದು. ನೂರು ಬಂದರೆ ಹದಿನೈದು ಆರಿಸಲಿ, ಉಳಿದವರಿಗೆ ಯಾಕೆ ಆಗಲಿಲ್ಲವೆಂದು ನಾಲ್ಕು ಸಾಲು ಬರೆದು ಕಳಿಸಲಿ. ಫೋನಿನಲ್ಲೇ ಎಲ್ಲರೂ ಪ್ರಕಟಿಸುವಾಗ ಪುಸ್ತಕವೇಕೆ ಎಂದರೆ, ಅಲ್ಲಿ ಲೈಕ್ ಸಿಗುತ್ತದೆ, ತಿದ್ದುವವರು ಸಿಗುವುದಿಲ್ಲ. ಹಣದ ಪ್ರಶ್ನೆಯೂ ನಿಜ, ಆದರೆ ನೂರೈವತ್ತು ಪುಟದ ಪುಸ್ತಕಕ್ಕೆ ಆಗುವ ಖರ್ಚು ದೊಡ್ಡದಲ್ಲ. ನನಗೆ ಭಾರವಾಗಿ ಕಾಣುವ ಆಕ್ಷೇಪ ಅಧ್ಯಾಪಕರದು. ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳು ಬಹುಮಟ್ಟಿಗೆ ಅತಿಥಿ ಉಪನ್ಯಾಸಕರ ಮೇಲೆ ನಡೆಯುತ್ತಿವೆ. ಅವರಿಂದ ಪುಕ್ಕಟೆ ದುಡಿಮೆ ಕೇಳುವುದು ಅನ್ಯಾಯ. ಆದ್ದರಿಂದ ಸಂಪಾದನೆಯನ್ನು ಕಾರ್ಯಭಾರದ ಭಾಗವೆಂದು ಎಣಿಸಿ, ಅತಿಥಿ ಉಪನ್ಯಾಸಕರಿಗೆ ಗೌರವಧನ ಕೊಡಿಸಿ.

ಪುಸ್ತಕ ಕಾಲೇಜಿನೊಳಗೇ ಹಂಚಿ ಮುಗಿಯಬಾರದು. ಶಿವಮೊಗ್ಗ, ಚಿಕ್ಕಮಗಳೂರು ಎರಡೂ ಜಿಲ್ಲೆಗಳ ಸಾರ್ವಜನಿಕ ಗ್ರಂಥಾಲಯಗಳಿಗೆ ಹೋಗಲಿ. ಇನ್ನೊಂದು ಮಾತು. ಬರಹ ಕಳಿಸುವ ಕೊನೆಯ ದಿನವನ್ನು ನವೆಂಬರ್‌ನಿಂದ ಫೆಬ್ರುವರಿಯೊಳಗೆ ಇಡಬೇಡಿ. ಅದು ಕೊಯ್ಲಿನ ಕಾಲ. ರಜೆ ಸಿಕ್ಕಾಗ ತೋಟದ ಕೆಲಸಕ್ಕೆ ಹೋಗುವವರಿಗೆ ಬರೆಯಲು ಪುರುಸೊತ್ತಿರುವುದು ಮಳೆಗಾಲದಲ್ಲಿ.


ಕಾಫಿ ಸೀಮೆಯ ಒಬ್ಬ ಓದುಗ